ಮೂರನೇ ಪ್ಯಾನಿನ ಕೆಳಗಿದ್ದ ಜೋಡು

ಸಂದರ್ಶನ ಮಾಡಲು ಕೂರುವ ಮುನ್ನ ನಾನು ಬಾಗಿಲ ಹೊರಗೆ ಬಿಟ್ಟಿರುವ ಚಪ್ಪಲಿಗಳನ್ನು ಎಣಿಸುತ್ತೇನೆ. ಜೊತೆಗೆ ಕೂರುವವರು ಇದನ್ನು ನನ್ನದೊಂದು ಹುಚ್ಚು ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಹೋದ ತಿಂಗಳು ಚಿಕ್ಕೋಡಿಯ ಕಾಲೇಜೊಂದಕ್ಕೆ, ಕೊನೆಯ ವರ್ಷದ ಮಕ್ಕಳಿಗೆ ಸಂದರ್ಶನ ಎದುರಿಸುವುದು ಹೇಗೆಂದು ಹೇಳಿಕೊಡಲು ಹೋಗಿದ್ದೆ. ಹೊರಗಿನ ಸಾಲಿನಲ್ಲಿ ಒಂದು ಜೊತೆ ಅಥಣಿಯ ಕೈಹೊಲಿಗೆಯ ಚಪ್ಪಲಿ ಇತ್ತು, ಯಾರೋ ಅದಕ್ಕೆ ಹರಳೆಣ್ಣೆ ಸವರಿದ್ದರು. ಚರ್ಮ ಮತ್ತು ಹರಳೆಣ್ಣೆ ಕೂಡಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ಆ ಸಾಲನ್ನು ಮತ್ತೊಮ್ಮೆ ಎಣಿಸಿದೆ. ಹೆದರಬೇಡಿ ಎಂದು ಮಕ್ಕಳಿಗೆ ಹೇಳಬೇಕಾದ ನಾನೇ ಎರಡು ಸಲ ನೀರು ಕುಡಿದು ಮಾತು ಶುರು ಮಾಡಿದೆ.

ಎಂಟು ವರ್ಷದ ಹಿಂದಿನ ಮಾತು. ಸತ್ತಿ ಎಂಬ ಊರಿನ ಆಚೆ, ಕೃಷ್ಣೆಯ ದಂಡೆಗೆ ಒಂದು ಸಕ್ಕರೆ ಕಾರ್ಖಾನೆ, ಹೆಸರು ಬೇಡ. ನಿಪ್ಪಾಣಿಯ ಹುಡುಗಿ ನಾನು, ಓದು ಮುಗಿಸಿ ಮೊದಲ ನೌಕರಿಗೆ ಅಲ್ಲಿ ಸಿಬ್ಬಂದಿ ಅಧಿಕಾರಿಯಾಗಿ ಸೇರಿದೆ. ಸೇರಿದ್ದು ಮಳೆಗಾಲದಲ್ಲಿ, ಕಬ್ಬು ಅರೆಯುವ ಹಂಗಾಮು ಇಲ್ಲದ ಹೊತ್ತಿನಲ್ಲಿ. ಹಂಗಾಮಿನಲ್ಲಿ ಮಾತು ಕೇಳಿಸದಷ್ಟು ಗದ್ದಲದ ಜಾಗ ಮಳೆಗಾಲದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ತಗಡಿನ ಮೇಲೆ ಮಳೆ, ಒಳಗೆ ಪಾರಿವಾಳಗಳ ಗುಟುರು, ಎಲ್ಲ ಕಡೆ ಹುಳಿಬಂದ ಕಾಕಂಬಿಯ ವಾಸನೆ. ನಡು ಮಧ್ಯಾಹ್ನದಲ್ಲೂ ಒಳಗೆ ದೀಪ ಹಚ್ಚಿಕೊಂಡೇ ಓಡಾಡಬೇಕಿತ್ತು.

ದಸರೆಯ ದಿನದ ಬಾಯ್ಲರ್ ಪೂಜೆಗೆ ಮೊದಲು ಒಂದು ಜಾಗ ತುಂಬಿಸುವುದು ನನ್ನ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ. ಪ್ಯಾನ್‌ಮನ್ ಬೇಕಿತ್ತು. ರಸ ಸಕ್ಕರೆಯಾಗುವುದು ಪ್ಯಾನ್ ಎಂಬ ಎರಡಾಳೆತ್ತರದ ಕಬ್ಬಿಣದ ಹಂಡೆಯಲ್ಲಿ. ಅದರೊಳಗೆ ಪಾಕ ಕುದಿಯುವಾಗ ಚೂರು ತೆಗೆದು, ಗಾಜಿನ ಮೇಲೆ ಸವರಿ, ಹರಳು ಎಷ್ಟು ಬೆಳೆದಿದೆ ಎಂದು ಬೆರಳಿನಲ್ಲೇ ತಿಳಿಯುವವನು ಪ್ಯಾನ್‌ಮನ್. ಹಂಗಾಮು ಮುಗಿದ ಮೇಲೊಮ್ಮೆ, ಶುರುವಾಗುವ ಮುನ್ನ ಮತ್ತೊಮ್ಮೆ ಆ ಹಂಡೆಯೊಳಗೆ ಆಳುಗಳು ಇಳಿದು, ಕೊಳವೆಗಳಿಗೆ ಕಟ್ಟಿದ ಬಿಳಿ ಪೊರೆಯನ್ನು ಕೆರೆದು ತೆಗೆಯುತ್ತಾರೆ. ಮೇಲೆ ಒಬ್ಬ ಮನುಷ್ಯ ನುಸುಳುವಷ್ಟೇ ದುಂಡನೆಯ ಬಾಗಿಲು. ಅದನ್ನು ಮುಚ್ಚಿ ಉಗಿ ಬಿಡುವವನೂ ಪ್ಯಾನ್‌ಮನ್ನೇ.

ಕಾರ್ಖಾನೆಯ ಮ್ಯಾನೇಜರ್ ಪಾಟೀಲ ಸಾಹೇಬರು ಒಂದು ದಿನ ನನ್ನನ್ನು ಅಲ್ಲಿಗೆ ಕರೆದೊಯ್ದರು. ಮೂರನೇ ಪ್ಯಾನಿನ ಏಣಿಯ ಬುಡದಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ನಡೆದರೆ ಕರ್ರ್ ಕರ್ರ್ ಎನ್ನುವ ಜಾತಿಯದು, ಅಥಣಿಯದು.

"ಒಳಗ ಯಾರರ ಅದಾರೇನ್ರಿ?" ಎಂದೆ.

"ಯಾರೂ ಇಲ್ಲ. ನೋಡ್ರಿ, ಇಲ್ಲೊಂದು ಪದ್ಧತಿ ಐತಿ. ಒಳಗ ಇಳಿಯೋರು ಚಪ್ಪಲಿ ಇಲ್ಲೇ ಬಿಡತಾರ. ಹೊರಗ ಬಂದಂವ ತನ್ನ ಚಪ್ಪಲಿ ಹಾಕ್ಕೊಂಡ ಹೋಗ್ತಾನ. ಕೆಳಗ ಒಂದೂ ಉಳೀಲಿಲ್ಲ ಅಂದ್ರ ಪ್ಯಾನ್‌ಮನ್ ಬಾಗಲಾ ಮುಚ್ಚತಾನ."

"ಮತ್ತ ಇವು?"

"ಅವು ಇರತಾವ ಬಿಡ್ರಿ," ಎಂದು ಅವರು ಮುಂದೆ ನಡೆದರು. ನಾನು ಬಗ್ಗಿ ನೋಡಿದೆ. ಸುತ್ತ ಬೆರಳುದಪ್ಪ ಧೂಳಿತ್ತು, ಚಪ್ಪಲಿಯ ಮೇಲೆ ಒಂದು ಕಣವೂ ಇರಲಿಲ್ಲ. ಅಡಿಭಾಗ ತಿರುವಿ ನೋಡಿದಾಗ ಅಲ್ಲಿ ಬಿಳಿ ಪೊರೆಯ ಪುಡಿ ಮೆತ್ತಿತ್ತು, ಹಂಡೆಯೊಳಗೆ ಬಿಟ್ಟು ಬೇರೆಲ್ಲೂ ಸಿಗದ ಪುಡಿ. ಚಪ್ಪಲಿ ಹಾಕಿಕೊಂಡು ಒಳಗೆ ಯಾರೂ ಇಳಿಯುವುದಿಲ್ಲ ಎಂದು ಈಗ ತಾನೇ ಕೇಳಿದ್ದೆ. ಕೈ ಒರೆಸಿಕೊಂಡು ಸಾಹೇಬರ ಹಿಂದೆ ಬಿರಬಿರನೆ ಹೆಜ್ಜೆ ಹಾಕಿದೆ.

ಉತ್ತರ ಸಿಕ್ಕಿದ್ದು ಗಂಗವ್ವನಿಂದ. ಆಫೀಸಿನಲ್ಲಿ ಚಹಾ ಕೊಡುವ, ಕಾಗದ ಒಯ್ಯುವ ಹೆಂಗಸು. ನಲವತ್ತರ ಆಸುಪಾಸು, ಮಾತು ಕಡಿಮೆ. ಒಂದು ಅಮಾವಾಸ್ಯೆಯ ದಿನ ಚಹಾದ ಕೋಣೆಗೆ ಹೋದರೆ ಅದೇ ಜೋಡನ್ನು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು.

"ನಮ್ಮ ಮನಿಯವರ ಕಾಲ್ಮರಿ ರೀ ಬಾಯಾರ," ಎಂದಳು, ತಲೆ ಎತ್ತದೆ. "ಎರಡ ವರ್ಷ ಆತು. ಆ ವರ್ಷ ಬಾಯ್ಲರ್ ದಸರಾಕ್ಕಿಂತ ಮೊದಲ ಹಚ್ಚಿದ್ರು. ನವರಾತ್ರಿಯೊಳಗ ಬರಿಗಾಲಿನ ವ್ರತ ಹಿಡದಿದ್ರು. ಒಂಬತ್ತ ದಿನ ಕಾಲಿಗೆ ಏನೂ ಹಾಕಂಗಿಲ್ಲ. ಊಟದ ಹೊತ್ತಿಗೆ ಎಲ್ಲಾರೂ ಹೊರಗ ಬಂದಾರ, ಇವ್ರು ಮರತ ಟವೆಲ್ ತರಾಕ ಮತ್ತ ಇಳದಾರ. ಕೆಳಗ ಚಪ್ಪಲಿ ಎಲ್ಲಿ ಇರತಾವ್ರಿ? ಪ್ಯಾನ್‌ಮನ್ ನೋಡಿದ, ಒಂದೂ ಇಲ್ಲ. ಮುಚ್ಚಿದ. ಉಗಿ ಬಿಟ್ಟ."

ಮನೆಯಲ್ಲಿ ಉಳಿದಿದ್ದ ಆ ಚಪ್ಪಲಿಯನ್ನು ಅವಳೇ ತಂದು ಏಣಿಯ ಬುಡಕ್ಕೆ ಇಟ್ಟಿದ್ದಳು. ತೆಗೆಯುವ ಧೈರ್ಯ ಯಾರೂ ಮಾಡಿರಲಿಲ್ಲ. ಆಳುಗಳು ಬೇರೆಯೇ ಹೇಳುತ್ತಿದ್ದರು: ಅವನು ತನ್ನ ಚಪ್ಪಲಿಗಾಗಿ ಬರುತ್ತಾನೆ, ಹಾಕಿಕೊಂಡು ಒಂದು ಸುತ್ತು ಹೊಡೆದು ಮತ್ತೆ ಅಲ್ಲೇ ಬಿಡುತ್ತಾನೆ. ಕೇಳಿ ನಾನು ನಕ್ಕಿದ್ದೆ. ಆದರೆ ಆಮೇಲೆ ಪ್ಯಾನುಗಳಿದ್ದ ಕಡೆ ಒಬ್ಬಳೇ ಹೋಗುವುದನ್ನು ಬಿಟ್ಟೆ.

ಅರ್ಜಿಗಳು ಬಂದವು. ಆಗ ನನಗೆ ಕಾಗದದ ಮೇಲೆ ಬಹಳ ನಂಬಿಕೆ. ಎಲ್ಲರಿಗೂ ಅವೇ ಐದು ಪ್ರಶ್ನೆ, ಅದೇ ಕ್ರಮ. ನೀವು ಹೀಗಾದರೆ ಏನು ಮಾಡುತ್ತೀರಿ ಎಂದು ಕೇಳಬಾರದು, ಹೀಗಾದಾಗ ಏನು ಮಾಡಿದಿರಿ ಎಂದು ಕೇಳಬೇಕು. ಅಂಕಗಳನ್ನು ಒಬ್ಬರಿಗೊಬ್ಬರು ತೋರಿಸದೆ ಬರೆಯಬೇಕು. ಕೈಕೆಲಸದವನಾದರೆ ಮಾತಿನ ಜೊತೆಗೆ ಕೆಲಸವನ್ನೂ ನೋಡಬೇಕು. ಇದೆಲ್ಲ ಇವತ್ತಿಗೂ ಸರಿಯೇ, ಮಕ್ಕಳಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಕರೆಯಬೇಕಾದ ಐದು ಹೆಸರು ಆರಿಸಿ ಪಾಟೀಲ ಸಾಹೇಬರ ಮುಂದಿಟ್ಟೆ. ಅವರ ಬೆರಳು ಐದನೆಯದರ ಮೇಲೆ ನಿಂತಿತು. ಬೋರಗಾಂವದ ದತ್ತು.

"ಇಂವ ಬ್ಯಾಡ್ರಿ. ಆವತ್ತ ಬಾಗಲಾ ಮುಚ್ಚಿದಂವ ಇಂವನ. ಯಾರೂ ತಪ್ಪು ಹೊರಸಲಿಲ್ಲ, ತಾನ ಬಿಟ್ಟ ಹೋದ."

"ಎಲ್ಲಾರಕಿಂತ ಅನುಭವ ಹೆಚ್ಚ ಐತಲ್ರಿ ಸಾಹೇಬ್ರ. ಅರ್ಜಿ ಹಾಕ್ಯಾರಂದಮ್ಯಾಲ ಕರದು ಕೇಳೂದು ನಿಯಮ."

"ನಿಯಮ ನಿಮ್ಮದ. ಆದ್ರ ಒಂದು ನೆನಪಿಡ್ರಿ ಮೇಡಂ, ತಪ್ಪು ಮನಷ್ಯಾನ್ನ ತಗೊಂಡ್ರ ಮುಂದ ಯಾರರ ಒಳಗ ಸಿಕ್ಕಾಗ ನಿಯಮ ಬಾಗಲಾ ತಗಿಯಂಗಿಲ್ಲ."

ಅಂದಿನಿಂದ ನನಗೆ ನಿದ್ದೆ ಸರಿ ಬರಲಿಲ್ಲ. ಒಳ್ಳೆಯ ಸಕ್ಕರೆ ಮಾಡುವವನು ಸಿಗಬಹುದು. ಮುಚ್ಚುವ ಮೊದಲು ಒಳಗೆ ನೋಡುವವನು ಯಾರು ಎಂದು ಯಾವ ಪ್ರಶ್ನೆಯಿಂದ ತಿಳಿಯುವುದು? ಕೊನೆಗೆ ಒಂದು ಪರೀಕ್ಷೆ ಹೊಳೆಯಿತು. ತೊಳೆಯುವವರು ಹೊರಗೆ ಬಂದಿದ್ದಾರೆ, ಮೂರನೇ ಪ್ಯಾನ್ ಮುಚ್ಚಿ ತಯಾರು ಮಾಡಿ ಎಂದಷ್ಟೇ ಹೇಳಿ, ಆ ಜೋಡನ್ನು ನೋಡಿದಾಗ ಅವರು ಏನು ಮಾಡುತ್ತಾರೆಂದು ನೋಡುವುದು. ಗಂಗವ್ವನನ್ನು ಕೇಳದೆ ಮಾಡುವುದು ಸರಿಯಲ್ಲ ಅನ್ನಿಸಿ ಕೇಳಿದೆ.

"ಮಾಡ್ರಿ," ಎಂದಳು. "ಅದಕ್ಕ ಅಲ್ಲೇನ್ರಿ ನಾ ಅವನ್ನ ಅಲ್ಲಿ ಇಟ್ಟದ್ದು." ಆ ಮಾತು ನನಗೆ ಅವತ್ತು ಪೂರ್ತಿ ಅರ್ಥವಾಗಲಿಲ್ಲ.

ಸಂದರ್ಶನದ ದಿನ ನವರಾತ್ರಿಯ ಆರನೆಯ ದಿನ. ಚಿತ್ತಾ ಮಳೆ ಹಿಡಿದಿತ್ತು. ಬೆಳಗ್ಗೆ ನನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ ಐದು ಜನ ಕೂತಿದ್ದರು, ಗೋಡೆಗೆ ಐದು ಜೊತೆ ಚಪ್ಪಲಿ. ಎಲ್ಲರೂ ಬಂದಿದ್ದಾರೆ ಎಂದು ಸಮಾಧಾನವಾಯಿತು.

ಮೊದಲು ಒಳಗೆ ಬಂದದ್ದು ಅಥಣಿಯ ಸುರೇಶ. ಇಸ್ತ್ರಿ ಮಾಡಿದ ಅಂಗಿ, ಪ್ಲಾಸ್ಟಿಕ್ ಹಾಳೆಯಲ್ಲಿ ಪ್ರಮಾಣಪತ್ರ. ಕುರ್ಚಿಯ ತನಕ ಬಂದವನು ಹಿಂದೆ ತಿರುಗಿ ನೋಡಿದ. "ನನ್ನ ಹಿಂದ ಇನ್ನೊಬ್ರು ಬರಾಕತ್ತಾರ್ರಿ. ಅವ್ರ ಮೊದಲ ಬರ್ಲೇನ್ರಿ?"

ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ನಕ್ಕು ಕೂರಿಸಿದೆ. ಚೆನ್ನಾಗಿ ಮಾತಾಡಿದ. ಕೆಲಸದಲ್ಲಿ ಮಾಡಿದ ಒಂದು ತಪ್ಪು ಹೇಳಿ ಎಂಬ ನಾಲ್ಕನೆಯ ಪ್ರಶ್ನೆಗೆ, ಒಮ್ಮೆ ಪಾಕ ಸ್ವಲ್ಪ ಹೆಚ್ಚು ಕುದಿಸಿದ್ದನ್ನೂ ಅದನ್ನು ತಾನೇ ಸರಿಮಾಡಿದ್ದನ್ನೂ ಹೇಳಿ ಮುಗಿಸಿದ. ಎರಡನೆಯವನು ಬಂದ. ಮೂರನೆಯವನು ರಾಯಬಾಗದ ಕಡೆಯವನು, ಸುರೇಶನನ್ನು ಬೆಂಚಿನ ಮೇಲೆ ನೋಡಿದ್ದು ಬಿಟ್ಟರೆ ಅವನ ಜೊತೆ ಮಾತಾಡಿದವನೂ ಅಲ್ಲ. ಅವನು ಹೊಸ್ತಿಲಲ್ಲೇ ಒಂದು ಬದಿಗೆ ಸರಿದು ನಿಂತು, "ಬರ್ರಿ, ನೀವ ಮುಂದ ಬರ್ರಿ" ಎಂದು ಖಾಲಿ ಪಡಸಾಲೆಗೆ ದಾರಿ ಬಿಟ್ಟ. ಆಮೇಲೆ ತಾನೇ ಮುಜುಗರಪಟ್ಟು, "ಚಪ್ಪಲಿ ಸಪ್ಪಳ ಆತ್ರಿ" ಎಂದ. ನನ್ನ ಪಕ್ಕದಲ್ಲಿ ಕೂತಿದ್ದ ಪಾಟೀಲ ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಕೊನೆಯವನು ದತ್ತು. ಐವತ್ತರ ಹತ್ತಿರ, ಒಣಗಿದ ಮೈ. ಮೂರು ಪ್ರಶ್ನೆಗೆ ಒಂದೊಂದೇ ಸಾಲಿನ ಉತ್ತರ. ನಾಲ್ಕನೆಯದನ್ನು ನಾನು ಕಾಗದ ನೋಡಿಕೊಂಡು ಕೇಳಿದೆ, ಮುಖ ನೋಡಿ ಕೇಳಲು ಆಗಲಿಲ್ಲ. ಅದೇ ಹೊತ್ತಿಗೆ ಗಂಗವ್ವ ಚಹಾ ತಂದಳು.

"ಆವತ್ತ ಪಾಳಿ ನಂದ ಇತ್ರಿ," ಎಂದ ದತ್ತು. ಅವನಿಗೆ ಅವಳು ಕಂಡಿದ್ದಳು. ಧ್ವನಿ ಏರಲಿಲ್ಲ, ಇಳಿಯಲೂ ಇಲ್ಲ. "ಕೆಳಗ ಒಂದೂ ಚಪ್ಪಲಿ ಇರಲಿಲ್ಲ. ನಾ ಎಣಿಸಿದ್ದು ಬರೋಬ್ಬರಿ ಇತ್ತು. ಮನಷ್ಯಾ ಒಳಗಿದ್ದ."

"ಅದರಿಂದ ಏನ್ ಕಲಿತ್ರಿ?" ಅದು ನಾನು ಕಾಗದದಲ್ಲಿ ಬರೆದುಕೊಂಡಿದ್ದ ಮುಂದಿನ ಪ್ರಶ್ನೆ. ಕೇಳಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಕಲಿಯೂದೇನೈತ್ರಿ ಮ್ಯಾಡಮ. ನೋಡಬೇಕಿತ್ತು."

"ಮತ್ತ ಇಲ್ಲೇ ಯಾಕ ಬಂದಿ?" ಪಾಟೀಲ ಸಾಹೇಬರು ಕೇಳಿದರು. ಇದು ಐದರಲ್ಲಿ ಇರಲಿಲ್ಲ.

"ಕಾಗವಾಡ ದಾಟಿ ಒಂದ್ ಕಡಿ ಕೆಲಸಕ್ಕ ಹೋದೆ ರೀ. ಬಾಗಲಾ ಮುಚ್ಚಾಕ ಕೈ ಬರಲಿಲ್ಲ. ಹಂಗ ನಿಂತೆ. ಕಳಿಸಿಬಿಟ್ರು. ಇಪ್ಪತ್ತೈದ್ ವರ್ಷದ ಕೆಲಸ, ಬ್ಯಾರೇದು ಬರಂಗಿಲ್ಲ. ಇಲ್ಲೇ ಮುಚ್ಚಿದ್ದು, ಇಲ್ಲೇ ಕೈ ಬರಬೇಕು."

ಗಂಗವ್ವ ಸಾಹೇಬರಿಗೂ ನನಗೂ ಚಹಾ ಕೊಟ್ಟಳು. ದತ್ತುವಿನ ಮುಂದೆ ಇಟ್ಟಿದ್ದ ಗ್ಲಾಸನ್ನು ಮತ್ತೆ ಎತ್ತಿ ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಹೋದಳು. ಅವನು ಎದ್ದು ನಿಂತಾಗ ಅವನ ಕಾಲು ನೋಡಿದೆ. ಅಂಗಾಲು ಒಡೆದು ಕಪ್ಪಾಗಿತ್ತು.

"ನೀವೂ ನವರಾತ್ರಿ ವ್ರತ ಹಿಡದೀರೇನ್ರಿ?"

"ಇಲ್ರಿ. ಆವತ್ತಿಂದ ಚಪ್ಪಲಿನ ಹಾಕಿಲ್ಲ."

ಹಾಗಾದರೆ ಬೆಳಗಿನ ಐದನೆಯ ಜೊತೆ? ನಾನು ಬಾಗಿಲಿಗೆ ಹೋಗಿ ನೋಡಿದೆ. ಗೋಡೆಗೆ ನಾಲ್ಕೇ ಜೊತೆ ಇದ್ದವು, ಬೆಂಚಿನ ಮೇಲೆ ಆ ನಾಲ್ವರೂ ಕೂತೇ ಇದ್ದರು. ಐದನೆಯದು ಇದ್ದ ಕಡೆ ಸ್ವಲ್ಪ ಬಿಳಿ ಪುಡಿ ಬಿದ್ದಿತ್ತು. ಗಂಗವ್ವನನ್ನು ಕೇಳಿದರೆ, "ನಾ ಇವತ್ತ ಅವನ್ನ ಮುಟ್ಟೇ ಇಲ್ರಿ" ಎಂದಳು. ಕೆಲಸದ ಪರೀಕ್ಷೆಗೆಂದು ಹೋದಾಗ ಜೋಡು ಮೂರನೇ ಪ್ಯಾನಿನ ಏಣಿಯ ಬುಡದಲ್ಲಿ ಎಂದಿನಂತೆ ಇತ್ತು.

ಒಬ್ಬೊಬ್ಬರನ್ನೇ ಕರೆದು ಹೇಳಿದೆವು. ಸುರೇಶ ಜೋಡನ್ನು ನೋಡಿ, "ಇವು ಯಾರವ್ರಿ?" ಎಂದ. ಯಾರವೂ ಅಲ್ಲ ಎಂದು ಸಾಹೇಬರು ಹೇಳಿದರು. ಅವನು ಅಚ್ಚುಕಟ್ಟಾಗಿ ಅವನ್ನು ಪಕ್ಕಕ್ಕೆ ಎತ್ತಿಟ್ಟು, ಏಣಿ ಹತ್ತಿ ಬಾಗಿಲು ಮುಚ್ಚಿದ. ಎರಡನೆಯವನು ನೋಡಲೇ ಇಲ್ಲ. ಮೂರನೆಯವನು ಏಣಿಯ ಹತ್ತಿರ ಬರಲು ಒಪ್ಪಲಿಲ್ಲ. ನಾಲ್ಕನೆಯವನು ಒಳಗೆ ಒಮ್ಮೆ ಕೂಗಿದ, ಉತ್ತರ ಬಾರದಿದ್ದಾಗ ಮುಚ್ಚಿದ.

ದತ್ತು ಜೋಡನ್ನು ಗುರುತಿಸಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅದರ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಬ್ಯಾಟರಿ ಕೇಳಿ ಪಡೆದು, ಏಣಿ ಹತ್ತಿ, ಆ ದುಂಡನೆಯ ಕತ್ತಲೆಯೊಳಗೆ ಕಾಲು ಮೊದಲು ಮಾಡಿ ಇಳಿದುಹೋದ. ನಾವು ಹೊರಗೆ ಕಾದೆವು. ಮಳೆ ಜೋರಾಯಿತು. ಕಬ್ಬಿಣದ ಹೊಟ್ಟೆಯೊಳಗಿಂದ ಮಾತಿನಂಥ ಸದ್ದು ಬರುತ್ತಿತ್ತು, ಶಬ್ದ ಬಿಡಿಸಿ ತಿಳಿಯುತ್ತಿರಲಿಲ್ಲ. ಒಬ್ಬನೇ ಗೊಣಗಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆದರೆ ಮಾತಿನ ನಡುವೆ ಅವನು ತಡೆದು ಕೇಳಿಸಿಕೊಳ್ಳುತ್ತಿದ್ದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ತಲೆ, ಹುಬ್ಬು ಎಲ್ಲ ಪುಡಿ ಮೆತ್ತಿ ಬೆಳ್ಳಗಾಗಿತ್ತು.

"ಈಗ ಖಾಲಿ ಐತ್ರಿ," ಎಂದ. "ಈಗ ಮುಚ್ಚಬಹುದು."

ಬಾಗಿಲಿಗೆ ಕೈಯಿಟ್ಟ. ಈ ಸಲ ಕೈ ಬಂತು, ಬಾಗಿಲು ಮುಚ್ಚಿತು. ಈಗ ಎಂದರೆ ಏನು ಎಂದು ನಾವಿಬ್ಬರೂ ಕೇಳಲಿಲ್ಲ.

ಸಂಜೆ ಅಂಕ ಕೂಡಿಸಿದರೆ ಮಾತಿನಲ್ಲಿ ಸುರೇಶ ಮೊದಲು, ದತ್ತು ಕೊನೆ. ಕೆಲಸದ ಪರೀಕ್ಷೆಯನ್ನೂ ಸೇರಿಸಿದರೆ ಇಬ್ಬರೂ ಹೆಚ್ಚು ಕಡಿಮೆ ಸಮ. ಪಾಟೀಲ ಸಾಹೇಬರು ಸುರೇಶ ಎಂದರು. ತೀರ್ಮಾನ ನಿಮ್ಮದು ಎಂದೂ ಸೇರಿಸಿದರು. ನಾನು ಮಾಡಬಾರದ ಕೆಲಸ ಮಾಡಿದೆ. ಚಹಾದ ಕೋಣೆಗೆ ಹೋಗಿ ಗಂಗವ್ವನ ಮುಂದೆ ಕೂತೆ. ಆ ಭಾರವನ್ನು ಅವಳ ತಲೆಗೆ ಕಟ್ಟುವುದು ಅನ್ಯಾಯ ಎಂದು ಗೊತ್ತಿತ್ತು. ಆದರೂ ನಡೆದದ್ದನ್ನೆಲ್ಲ ಹೇಳಿದೆ.

ಅವಳು ಗ್ಲಾಸು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಉಳದವ್ರು ಯಾರೂ ಇಳೀಲಿಲ್ಲೇನ್ರಿ?"

"ಇಲ್ಲ."

"ಬಾಯಾರ, ನಾ ಆ ಕಾಲ್ಮರಿ ದೇವರ ಅಂತ ಇಟ್ಟಿಲ್ಲ. ಕೆಳಗ ಯಾವಾಗಲೂ ಒಂದು ಜೋಡು ಉಳೀಬೇಕು. ಉಳೀತಂದ್ರ ಮುಚ್ಚಾವ ಒಳಗ ನೋಡೇ ನೋಡ್ತಾನ. ಬರಿಗಾಲಿನವ ಇದ್ರೂ ಉಳಕೋತಾನ. ಅಷ್ಟ." ತೊಳೆದ ಗ್ಲಾಸನ್ನು ಬೋರಲು ಹಾಕಿದಳು. "ದತ್ತೂನ್ನ ತಗೋರಿ. ನಾ ಅವಗ ಚಾ ಕೊಡಂಗಿಲ್ಲ. ಕೊಡು ಅಂತ ಹೇಳಬ್ಯಾಡ್ರಿ. ಆದ್ರ ಅವನ್ನ ತಗೋರಿ."

ತೆಗೆದುಕೊಂಡೆ. ದಸರೆಗೆ ಬಾಯ್ಲರಿಗೆ ಬೆಂಕಿ ಬಿತ್ತು, ದೀಪಾವಳಿಯ ನಂತರ ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ನಿಂತವು. ದತ್ತುವಿನ ಕೈಯ ಸಕ್ಕರೆ ಚೆನ್ನಾಗಿ ಬಂತು. ಇಡೀ ಹಂಗಾಮು ಅವನು ಬರಿಗಾಲಲ್ಲೇ ಓಡಾಡಿದ. ಗಂಗವ್ವ ಎಲ್ಲರಿಗೂ ಚಹಾ ಕೊಟ್ಟು ಅವನನ್ನು ದಾಟಿ ಹೋಗುತ್ತಿದ್ದಳು; ಅವನೂ ಅವಳು ಬರುವ ಹೊತ್ತಿಗೆ ಗಾಜಿನ ಚೂರನ್ನು ಬೆಳಕಿಗೆ ಹಿಡಿದು ಹರಳು ನೋಡುತ್ತ ನಿಂತುಬಿಡುತ್ತಿದ್ದ. ಅವಳನ್ನು ಕೇಳಿದ್ದು ಸರಿಯೋ ತಪ್ಪೋ ಎಂಬ ಕೊರೆತ ನನಗೆ ಹಂಗಾಮಿನುದ್ದಕ್ಕೂ ಇತ್ತು.

ಹಂಗಾಮು ಮುಗಿದು ಬೇಸಿಗೆಯ ಮೊದಲ ತೊಳೆತದ ದಿನ. ಬಿಸಿಲು ತಗಡನ್ನು ಸುಡುತ್ತಿತ್ತು. ಮಧ್ಯಾಹ್ನ ಪಾಟೀಲ ಸಾಹೇಬರು ನನ್ನ ಕೋಣೆಗೆ ಬಂದು, ಕೇಳದೆ ಕುರ್ಚಿ ಎಳೆದುಕೊಂಡು ಕೂತರು. ಮುಖ ಬಿಳಿಚಿಕೊಂಡಿತ್ತು. ಆ ಮನುಷ್ಯ ತಮಾಷೆ ಮಾಡಿದ್ದನ್ನು ನಾನು ಕಂಡಿಲ್ಲ.

"ತೊಳೆಯೋರು ಎಲ್ಲಾ ಹೊರಗ ಬಂದಿದ್ರು ಮೇಡಂ. ಚಪ್ಪಲಿ ಹಾಕ್ಕೊಂಡ ಹೋದ್ರು. ದತ್ತು ಊಟಕ್ಕ ಹೋಗ್ಯಾನಂತ ತಿಳದೆ. ಉಗಿ ಹಾಕಿ ನೋಡೂದಿತ್ತು, ಗಡಬಡಿ ಇತ್ತು. ನಾನ ಹೋಗಿ ಮೂರನೇದರ ಬಾಗಲಾಕ ಕೈ ಹಚ್ಚಿದೆ. ಆಗ ಕೆಳಗ ಆ ಜೋಡು ಕಣ್ಣಿಗೆ ಬಿತ್ತು. ಸಿಟ್ಟ ಬಂತು. ಸಿಟ್ಟಿಗೆ ಒಳಗ ಒಮ್ಮಿ ಕೂಗಿದೆ, ಯಾರರ ಅದೀರೇನು ಅಂತ."

ನಾನು ನೀರು ಕೊಟ್ಟೆ, ಕುಡಿಯಲಿಲ್ಲ.

"ದತ್ತು ಒಳಗಿದ್ದ. ಕಡೀಗೆ ಒಂದ್ಸಲ ನೋಡಾಕ ಇಳದಿದ್ದನಂತ. ಅವಂದು ಬರಿಗಾಲು, ಕೆಳಗ ಏನೂ ಇರಂಗಿಲ್ಲ. ಆ ಜೋಡು ಇರಲಿಲ್ಲಂದ್ರ ನಾ ಮುಚ್ಚತಿದ್ದೆ." ಧ್ವನಿ ತಗ್ಗಿಸಿದರು. "ಮೇಡಂ, ಒಳಗಿಂದ ಇಬ್ರು ಓ ಅಂದ್ರು. ದತ್ತೂನ ದನಿ ನನಗ ಗೊತ್ತೈತಿ. ಮೊದಲ ಓ ಅಂದದ್ದು ಅವ ಅಲ್ಲ."

ನಾನು ಎದ್ದು ಪ್ಯಾನುಗಳ ಕಡೆ ಓಡಿದೆ. ಏಣಿಯ ಬುಡದಲ್ಲಿ ದತ್ತು ನೆಲಕ್ಕೆ ಕೂತಿದ್ದ, ಮೈಯೆಲ್ಲ ಬಿಳಿ ಪುಡಿ, ಕೈ ಆ ಜೋಡಿನ ಹತ್ತಿರ, ಆದರೆ ಮುಟ್ಟದೆ. ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನನಗೆ ಸುದ್ದಿ ಮುಟ್ಟುವ ಮೊದಲೇ ಅದು ಚಹಾದ ಕೋಣೆಗೆ ಮುಟ್ಟಿತ್ತು. ಗಂಗವ್ವ ತಟ್ಟೆ ಹಿಡಿದು ನಿಧಾನ ಬಂದಳು. ತಟ್ಟೆಯಲ್ಲಿ ಎರಡು ಗ್ಲಾಸು ಇದ್ದವು. ನನಗೊಂದು ತಂದಿರಬೇಕು ಎಂದುಕೊಂಡು ಕೈ ಚಾಚಿದೆ. ಅವಳು ನನ್ನನ್ನು ನೋಡಲಿಲ್ಲ. ಒಂದನ್ನು ದತ್ತುವಿನ ಕೈಗೆ ಕೊಟ್ಟಳು. ಇನ್ನೊಂದನ್ನು ಜೋಡಿನ ಮುಂದೆ ಇಟ್ಟಳು.

"ಆರೂದ್ರಾಗ ಕುಡೀರಿ," ಎಂದಳು. ಯಾರಿಗೆ ಹೇಳಿದಳೋ.

ದತ್ತು ಎರಡೂ ಕೈಯಲ್ಲಿ ಗ್ಲಾಸು ಹಿಡಿದು ಕುಡಿದ, ಅಳುತ್ತಾ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಕಿಟಕಿಯ ಕಡೆ ತಿರುಗಿದೆ. ಹೊರಗೆ ನದಿ ಬತ್ತಿ ಮರಳು ಹೊಳೆಯುತ್ತಿತ್ತು. ಹಿಂದೆ ಎಲ್ಲೋ ಕರ್ರ್ ಎಂದಂತಾಯಿತು, ನಾನು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಗಂಗವ್ವ ಬಗ್ಗಿ ಗ್ಲಾಸುಗಳನ್ನು ತಟ್ಟೆಗೆ ಎತ್ತಿಕೊಂಡಳು. ನನ್ನ ಪಕ್ಕದಿಂದ ಹಾದು ಹೋಗುವಾಗ ನೋಡಿದೆ. ಎರಡೂ ಖಾಲಿ ಇದ್ದವು.